ಸಿಡಿಲುಭುಜನ ಎರಡು ಎಡಗೈ

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಯ ಸ್ಟ್ರೆಚರ್ ಲಿಫ್ಟ್. ಬಾಗಿಲು ಮುಚ್ಚುತ್ತಲೇ ಇಲ್ಲ ಎಂದು ಗಲಾಟೆ. ಹೋಗಿ ನೋಡಿದರೆ ಯಾರೋ ಪುಣ್ಯಾತ್ಮರು ಸೆನ್ಸರ್ ಮೇಲೆ ಸ್ಟಿಕ್ಕರ್ ಅಂಟಿಸಿದ್ದಾರೆ. ಉಗುರಿನಲ್ಲಿ ಕೆರೆದು ತೆಗೆದೆ, ಮುಗಿಯಿತು. ಸುತ್ತ ನಿಂತವರು ನಾನೇ ಏನೋ ಆಪರೇಷನ್ ಮಾಡಿದೆನೆಂಬಂತೆ ನೋಡಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಸಿಕ್ಕ ಮರ್ಯಾದೆ ಯಾಕೆ ಬಿಡಬೇಕು?

ಸಂಜೆ ನನ್ನ ಹಳೇ ಕಾಮಿಕ್ಸಿನ ಹದಿನಾಲ್ಕನೇ ಸಂಚಿಕೆಗೆ ಹೊಸ ಪ್ಲಾಸ್ಟಿಕ್ ಕವರ್. ಕೈ ತೊಳೆದು, ಒರೆಸಿ, ಮತ್ತೆ ತೊಳೆದು... ಈ ಲಿಫ್ಟಿನ ಗ್ರೀಸ್ ಹೋಗುವ ಪೈಕಿಯಲ್ಲ. ಇವಳು ಸ್ಕೂಲ್ ವ್ಯಾನ್ ನಿಲ್ಲಿಸಿ ಬಂದವಳೇ ಬಾಗಿಲಲ್ಲಿ ನಿಂತು, "ಐಸಿಯು ಒಳಗೆ ಬರಬಹುದಾ ಡಾಕ್ಟ್ರೇ? ಪೇಷಂಟ್ ಉಸಿರಾಡ್ತಿದ್ದಾರಾ?" ಎಂದಳು. ಹೆಂಡತಿಗೆ ಉತ್ತರ ಕೊಡುತ್ತಾ ಕೂತರೆ ಪುಸ್ತಕದ ಮೂಲೆ ಮಡಚುತ್ತದೆ.

ನಾದಿನಿ ಬಂದಿದ್ದಾಳೆ, ಎರಡು ದಿನಕ್ಕೆ. "ಭಾವ, ಇನ್ನೂ ಮಕ್ಕಳ ಪುಸ್ತಕ ಓದ್ತೀರಾ?" ಎಂದಳು. ಇವಳು ಅಡುಗೆಮನೆಯಿಂದ ಬೇಡ ಬೇಡ ಎಂದು ಕೈಸನ್ನೆ ಮಾಡಿದಳು. ತಡವಾಗಿತ್ತು. ನಾದಿನಿಯನ್ನು ಕೂರಿಸಿಕೊಂಡು ಇಡೀ ಪುರಾಣ ಬಿಚ್ಚಿದೆ. ಸಿಡಿಲುಭುಜ — ಒಟ್ಟು ನಲವತ್ತೆರಡು ಸಂಚಿಕೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದ್ದು. ಆಮೇಲೆ ಕಂಪನಿಯೇ ಬಾಗಿಲು ಹಾಕಿತು. ಯಾರು ಚಿತ್ರ ಬಿಡಿಸಿದರು ಎಂದು ಒಂದರಲ್ಲೂ ಹೆಸರಿಲ್ಲ. ಒಂದನೇ ಸಂಚಿಕೆ ಎಲ್ಲೂ ಸಿಗುವುದಿಲ್ಲ. ನಮಗೆ ಗೊತ್ತಿರುವಂತೆ ಉಳಿದಿರುವುದು ಒಂದೇ ಪ್ರತಿ, ಅದು ನನ್ನ ಬೀರುವಿನಲ್ಲಿ. ಮುಖಪುಟದಲ್ಲಿ ಸಿಡಿಲುಭುಜ ಕುಸಿಯುವ ಸೇತುವೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾನೆ. ಎರಡೂ ಎಡಗೈ!

ನಾದಿನಿ ತನ್ನ ಕೈಗಳನ್ನು ಮೇಲೆತ್ತಿ, ಹೆಬ್ಬೆರಳು ಎತ್ತ ಕಡೆ ಬರುತ್ತದೆ ಎಂದು ನೋಡಿಕೊಂಡು, ಮತ್ತೆ ಚಿತ್ರ ನೋಡಿ, ಬಿದ್ದು ಬಿದ್ದು ನಕ್ಕಳು. ಅದಕ್ಕೇ ನಮ್ಮ ಗುಂಪಿಗೆ 'ಎರಡೆಡಗೈ ಬಳಗ' ಎಂದು ಹೆಸರಿಟ್ಟಿದ್ದು ಎಂದೆ. ಐದು ಜನ. ತಿಂಗಳ ಮೊದಲ ಭಾನುವಾರ ಚಪ್ಪಲಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಸೇರುತ್ತೇವೆ. ಅಂಗಡಿಯವರೇ ಅಧ್ಯಕ್ಷರು. ಎಡಗೈ ಕುಲುಕುವುದು ನಮ್ಮ ನಮಸ್ಕಾರ.

"ಅವರಿಗೂ ಯಾರಾದ್ರೂ ಹೆಣ್ಣು ಕೊಟ್ಟಿದ್ದಾರಾ ಭಾವ?"

ಅಕ್ಕತಂಗಿಯರದು ಒಂದೇ ನಾಲಿಗೆ.

ಮಾರ್ಚ್ 5, ಗುರುವಾರ. ರಾತ್ರಿಯ ಊಟಕ್ಕೂ ಮೊದಲು, ಬರೆಯದೆ ಇರಲಾಗುತ್ತಿಲ್ಲ

ಸಿಕ್ಕರು! ಸಿಕ್ಕರು ಸಿಕ್ಕರು ಸಿಕ್ಕರು!

ಮಧ್ಯಾಹ್ನ ಕಾಲ್ ಬಂತು. ಹಳೇ ಫ್ಲಾಟ್, ಲಿಫ್ಟ್ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತಿದೆ, ಒಳಗೆ ಒಬ್ಬರು ವಯಸ್ಸಾದವರು. ಓಡಿದೆ. ಮೇಲಿನ ಮೆಷಿನ್ ರೂಮಿನಲ್ಲಿ ಬ್ರೇಕ್ ಸಡಿಲಿಸಿ, ಕೈಯಲ್ಲೇ ಚಕ್ರ ತಿರುಗಿಸಿ, ಲಿಫ್ಟನ್ನು ಮಹಡಿಗೆ ತಂದು ಬಾಗಿಲು ತೆರೆದೆ. ಸಾಮಾನ್ಯವಾಗಿ ಒಳಗಿದ್ದವರು ಅಳುತ್ತಿರುತ್ತಾರೆ, ಇಲ್ಲವೇ ನನ್ನ ಮೇಲೆ ಎಗರುತ್ತಾರೆ. ಇವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಔಷಧಿ ಅಂಗಡಿಯ ಕಾಗದದ ಚೀಲದ ಮೇಲೆ ಬಾಲ್‌ಪೆನ್ನಿನಲ್ಲಿ ಏನೋ ಗೀಚುತ್ತಿದ್ದಾರೆ. ಎಪ್ಪತ್ತು ದಾಟಿದವರು. ತಲೆ ಎತ್ತದೆಯೇ, "ಇಷ್ಟು ಬೇಗ ಬಂದ್ಬಿಟ್ಯಾ? ಇನ್ನೂ ಒಂದು ಕಾಲು ಬಾಕಿ ಇತ್ತಲ್ಲಯ್ಯ," ಎಂದರು.

ಬಗ್ಗಿ ನೋಡಿದೆ. ಲಿಫ್ಟಿನ ಬಾಗಿಲನ್ನು ಬರಿಗೈಯಲ್ಲಿ ಸೀಳುತ್ತಿರುವ ಒಬ್ಬ ಮನುಷ್ಯ. ಮುಖ ಯಾರದೋ. ಆದರೆ ಆ ಮಂಡಿ — ಒಂದು ಅಲ್ಪವಿರಾಮ, ಅದರ ಕೆಳಗೆ ಮೂರು ಗಿಡ್ಡ ಗೆರೆ. ನಲವತ್ತೆರಡು ಸಂಚಿಕೆಗಳಲ್ಲಿ ನೂರಾರು ಸಲ ನೋಡಿದ ಮಂಡಿ. ಅಂಥ ಮಂಡಿ ಲೋಕದಲ್ಲಿ ಬೇರೆ ಯಾರೂ ಬಿಡಿಸುವುದಿಲ್ಲ.

"ಸರ್... ಈ ಮಂಡಿ... ನಿಮ್ಮದಾ?"

ಅವರು ತಮ್ಮ ಮಂಡಿ ಸವರಿಕೊಂಡರು. "ನಂದೇ ಕಣಯ್ಯ. ಮೆಟ್ಲು ಹತ್ತಕ್ಕೆ ಆಗಲ್ಲ. ಅದಕ್ಕೇ ನಿನ್ನ ಡಬ್ಬಾ ಲಿಫ್ಟಲ್ಲಿ ಓಡಾಡೋದು."

ಆಮೇಲೆ ನಾನು ಏನೇನು ಬಡಬಡಿಸಿದೆನೋ ದೇವರಿಗೇ ಗೊತ್ತು. ಸಿಡಿಲುಭುಜ ಎಂದ ಕೂಡಲೇ ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅದು ಇನ್ನೂ ಯಾರಿಗಾದ್ರೂ ನೆನಪಿದೆಯಾ?" ಎಂದರು.

ಆರನೇ ಮಹಡಿ ಮನೆ. ಮಗಳ ಜೊತೆ ಇದ್ದಾರೆ. ಭಾನುವಾರ ಬಾ ಎಂದಿದ್ದಾರೆ. ಔಷಧಿಯ ಚೀಲ ಕೊಡಿ ಎಂದು ಕೇಳಿದೆ. ಮಾತ್ರೆ ತೆಗೆದುಕೊಂಡು ಚೀಲ ಕೊಟ್ಟರು. ಈಗ ಅದೂ ಬೀರುವಿನ ಐಸಿಯುನಲ್ಲಿದೆ.

ಮಾರ್ಚ್ 8, ಭಾನುವಾರ

ಇನ್ನೂ ಚಪ್ಪಲಿ ಬಿಚ್ಚಿಲ್ಲ. ಬರೆಯುತ್ತೇನೆ.

ಸಹಿ ಹಾಕಿಸಿಕೊಳ್ಳಲು ಚಿತ್ರಕಾರ ಅಜ್ಜನ ಮನೆಗೆ ಒಂಬತ್ತನೇ ಸಂಚಿಕೆ ಒಯ್ದೆ. ಖಳನಾಯಕ ಡಾಕ್ಟರ್ ತುಕ್ಕು ಮೊದಲ ಸಲ ಬರುವ ಕಥೆ, ಒಂದು ಕಲೆಯಿಲ್ಲ, ಒಂದು ಮಡಿಕೆಯಿಲ್ಲ. ಒಳಕೋಣೆಯಲ್ಲಿ ಮಗಳು ಯಾವುದೋ ಮಗುವಿಗೆ ಕೀಬೋರ್ಡ್ ಪಾಠ ಹೇಳುತ್ತಿದ್ದರು, ಅದೇ ಏಳು ಸ್ವರ ಹತ್ತು ಸಲ. ಅಜ್ಜ ಕವರಿನಿಂದ ಪುಸ್ತಕ ಎಳೆದರು. ಬೆರಳಿಗೆ ಎಂಜಲು ಹಚ್ಚಿದರು!! ಹಚ್ಚಿ, ಪುಟ ತಿರುಗಿಸಿದರು. ನನ್ನ ಜೀವ ಬಾಯಿಗೆ ಬಂತು. ಏಳನೇ ಪುಟಕ್ಕೆ ಬಂದವರೇ ನಾಲಿಗೆ ಲೊಚಗುಟ್ಟಿದರು.

"ಥೂ! ನೋಡು. ಸೂರ್ಯ ಈ ಕಡೆ ಇದ್ದಾನೆ, ನೆರಳೂ ಈ ಕಡೆಗೇ ಬಿದ್ದಿದೆ. ಯಾವ ಕತ್ತೆ ಬಿಡಿಸಿದ್ದು ಇದನ್ನ?"

"ನೀವೇ ಸರ್."

"ನಾನೇ. ಅದಕ್ಕೇ ಹೊಟ್ಟೆ ಉರಿಯೋದು."

ಮೇಜಿನ ಮೇಲಿದ್ದ ಬಿಳಿ ಪೋಸ್ಟರ್ ಕಲರ್ ತೆಗೆದರು. ನಾನು ಖಾಲಿ ಕವರನ್ನು ಎದೆಗವಚಿಕೊಂಡೆ. ನೆರಳಿನ ಮೇಲೆ ಬಿಳಿ ಬಳಿದರು, ಊದಿದರು, ಸಣ್ಣ ಬ್ರಷ್ಷಿನಲ್ಲಿ ಇನ್ನೊಂದು ಕಡೆ ಹೊಸ ನೆರಳು ಎಳೆದರು. ನನ್ನ ಒಂಬತ್ತನೇ ಸಂಚಿಕೆ! ಅದೇ ಉತ್ಸಾಹದಲ್ಲಿ ಹನ್ನೊಂದನೇ ಪುಟದ ಕುದುರೆಗೂ ಒಂದು ಬಾಲ ಕೊಟ್ಟರು.

"ಸರ್... ಆಟೋಗ್ರಾಫ್..."

"ಸಹಿ ಯಾಕಯ್ಯ? ಸರಿ ಮಾಡಿ ಕೊಟ್ಟಿದ್ದೀನಲ್ಲ!"

ಲಿಫ್ಟಿನಲ್ಲಿ ಇಳಿಯುವಾಗ ಅತ್ತೆನೋ ನಕ್ಕೆನೋ, ಎರಡೂ ಇರಬೇಕು.

ಮಾರ್ಚ್ 9, ಸೋಮವಾರ

ಊಟ ಸೇರಲಿಲ್ಲ. ಇವಳು ಏಳನೇ ಪುಟ ತೆರೆದು ಕನ್ನಡಕ ಏರಿಸಿ ನೋಡಿದಳು. "ಬೈಬೇಡಿ. ಈಗ ಬಿಸಿಲು ನಿಜವಾಗ್ಲೂ ಬಿಸಿಲಿನ ಥರ ಇದೆ ಕಣ್ರೀ."

ಕಿತ್ತುಕೊಂಡು ನೋಡಿದೆ. ಹೌದು. ಚಿತ್ರದ ಆ ಬೀದಿಯಲ್ಲಿ ಮೊದಲ ಸಲ ಮಧ್ಯಾಹ್ನವಾಗಿತ್ತು.

ಮಾರ್ಚ್ 15, ಭಾನುವಾರ

ಇನ್ನೂ ಮೂರು ಒಯ್ದೆ. ನಾನೇ. ನನ್ನ ಕಾಲಿನಲ್ಲೇ ನಡೆದು. ತಲೆ ಕೆಟ್ಟಿದೆ ನನಗೆ.

ಅಜ್ಜ ಈಗ ನನ್ನನ್ನು 'ಲಿಫ್ಟಪ್ಪ' ಎನ್ನುತ್ತಾರೆ. ಕಂಪನಿ ಮುಚ್ಚಿದ ಮೇಲೆ ಶಾಲಾ ಪುಸ್ತಕಗಳಿಗೆ ಚಿತ್ರ ಬಿಡಿಸಿದರಂತೆ. "ಈ ಊರಲ್ಲಿ ಓದಿದವರೆಲ್ಲ ನನ್ನ ಕರುಳು ನೋಡೇ ಪಾಸಾಗಿದ್ದು. ಕಪ್ಪೆ, ಮೂತ್ರಪಿಂಡ, ಎಲ್ಲಾ ನಂದೇ." ಹೇಳುತ್ತಲೇ ಇಪ್ಪತ್ತನೇ ಸಂಚಿಕೆಯಲ್ಲಿ ಒಂದು ಕಟ್ಟಡಕ್ಕೆ ಬಾಗಿಲು ಬಿಡಿಸಿದರು. ಅದಕ್ಕೆ ಬಾಗಿಲೇ ಇರಲಿಲ್ಲವಂತೆ. ಇಷ್ಟು ವರ್ಷದಲ್ಲಿ ನಾವು ಐದು ಜನರೂ ಗಮನಿಸಿರಲಿಲ್ಲ!

ತಡೆಯಲಾರದೆ ಕೇಳಿಬಿಟ್ಟೆ. "ಒಂದನೇ ಸಂಚಿಕೆ ಸರ್... ಆ ಕೈಗಳು..."

ಬ್ರಷ್ ನಿಂತಿತು.

"ಅದು ಹೇಗೆ ಗೊತ್ತು ನಿಂಗೆ?"

"ಹಾಗೇ... ಕೇಳಿದ್ದು." ನಾಲಿಗೆ ಕಚ್ಚಿಕೊಂಡೆ.

ನಿಧಾನವಾಗಿ ಹೇಳಿದರು. "ನಾವು ಕೈ ಹೇಗೆ ಬಿಡಿಸ್ತೀವಿ ಗೊತ್ತಾ? ಬಲಗೈಲಿ ಬ್ರಷ್ಷು, ಎದುರಿಗೆ ಎಡಗೈ. ಮಾಡೆಲ್ಲಿಗೆ ಬೇರೆ ಯಾರು ಬರ್ತಾರೆ? ಬಲಗೈ ಬೇಕಂದ್ರೆ ಸ್ಟುಡಿಯೋ ಕೆಳಗಿನ ಕ್ಷೌರದಂಗಡಿಗೆ ಓಡೋದು. ಕನ್ನಡಿ ಮುಂದೆ ಎಡಗೈ ಹಿಡಿದ್ರೆ ಅದು ಬಲಗೈ ಆಗುತ್ತಲ್ಲ, ಅದನ್ನ ನೋಡ್ಕೊಂಡು ಬಿಡಿಸೋದು. ಆವತ್ತು ಅಂಗಡಿಗೆ ಬೀಗ. ಕ್ಷೌರದವನ ಮಗಳಿಗೆ ಹೆರಿಗೆ. ಪ್ರೆಸ್ಸಿನವನು ತಲೆ ಮೇಲೆ ಕೂತಿದ್ದ. ಏನೋ ಅವಸರದಲ್ಲಿ ಬಿಡಿಸಿ ಕೊಟ್ಟೆ."

ಅಚ್ಚಾಗಿ ಬಂದ ಮೇಲೆ ಸ್ಟುಡಿಯೋದವರೆಲ್ಲ ದಿನಾ ಎಡಗೈಯಲ್ಲಿ ಸಲ್ಯೂಟ್ ಹೊಡೆಯುತ್ತಿದ್ದರಂತೆ. ಸಂಬಳ ಬಂದ ದಿನ ಅಜ್ಜ ಅಂಗಡಿ ಅಂಗಡಿ ಸುತ್ತಿ, ಸಿಕ್ಕಿದ್ದನ್ನೆಲ್ಲ ಕೊಂಡು ಹರಿದು ಹಾಕಿದರಂತೆ. ಆ ಸಂಚಿಕೆ ಎಲ್ಲೂ ಸಿಗದಿರುವುದಕ್ಕೆ ಅದೇ ಕಾರಣ!

"ಒಂದೂ ಉಳಿದಿಲ್ಲ, ಪುಣ್ಯಕ್ಕೆ," ಎಂದರು. ನಗುತ್ತಲೇ ಹೇಳಿದರು. ಆದರೆ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದರು.

ನನ್ನ ಬೀರುವಿನ ಕೀಲಿ ನನ್ನ ಜೇಬಿನಲ್ಲಿತ್ತು. ಬಾಯಿಗೆ ಬೀಗ ಹಾಕಿಕೊಂಡು ಬಂದೆ.

ಏಪ್ರಿಲ್ 5, ಭಾನುವಾರ

ಬಳಗದ ಸಭೆ. ಎರಡು ಚಪ್ಪಲಿ ಡಬ್ಬದ ಮೇಲೆ ಕೂತು ಎಲ್ಲ ಹೇಳಿದೆ. ಮೊದಲು ಯಾರೂ ನಂಬಲಿಲ್ಲ. ತಿದ್ದಿದ ಪುಟಗಳನ್ನು ತೋರಿಸಿದಾಗ ಒಬ್ಬರು ಕಿರುಚಿದರು, ಇನ್ನೊಬ್ಬರು ನೀರು ಕುಡಿದರು, ಮತ್ತೊಬ್ಬರು ಮೆಲ್ಲಗೆ, "ನನ್ನ ಹತ್ತನೇ ಸಂಚಿಕೇನೂ ಸ್ವಲ್ಪ ನೋಡ್ತಾರಾ?" ಎಂದರು. ಕ್ಷೌರದಂಗಡಿಯ ವಿಷಯಕ್ಕೆ ಮಾತ್ರ ಅಧ್ಯಕ್ಷರ ಮುಖ ಹುಳ್ಳಗಾಯಿತು. ಸಿಡಿಲುಭುಜ ಕನ್ನಡಿಯೊಳಗಿನ ಲೋಕದಿಂದ ಬಂದವನು, ಅದರ ಗುರುತೇ ಆ ಎರಡು ಎಡಗೈ ಎಂಬುದು ಅವರ ಸಿದ್ಧಾಂತ. ಇದರ ಮೇಲೆ ನಮಗೆ ವರ್ಷಕ್ಕೆರಡು ಸಲ ಭಾಷಣ ಆಗುತ್ತದೆ.

"ಕಲಾವಿದರಿಗೆ ತಾವು ಏನು ಮಾಡಿದೀವಿ ಅಂತ ತಮಗೇ ಗೊತ್ತಿರಲ್ಲ ಬಿಡಿ," ಎಂದರು ಕೊನೆಗೆ. "ಕನ್ನಡಿ ಅಂತೂ ಬಂತಲ್ಲ ಕಥೇಲಿ! ನಾನು ಹೇಳಿರ್ಲಿಲ್ವಾ?"

ಮುಂದಿನ ಭಾನುವಾರ ಅಜ್ಜನ ಮನೆಗೇ ಹೋಗಿ ಸನ್ಮಾನ ಮಾಡುವುದೆಂದು ತೀರ್ಮಾನ. ಬಳಗದ ಟೀ ಶರ್ಟ್ ಮಾತ್ರ ದಯವಿಟ್ಟು ಬೇಡ ಎಂದು ಕೈಮುಗಿದೆ. ಅದರ ಎದೆಯ ಮೇಲೆ ಎರಡು ಎಡಗೈ ಅಚ್ಚಾಗಿವೆ. ಎಲ್ಲರೂ ಒಪ್ಪಿದರು. ಒಂದನೇ ಸಂಚಿಕೆ ನನ್ನ ಬಳಿ ಇದೆ ಎಂದೂ ಯಾರೂ ಬಾಯಿ ಬಿಡಬಾರದು.

ಏಪ್ರಿಲ್ 12, ಭಾನುವಾರ

ಕೆಟ್ಟಿತು.

ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು. ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮಗಳು ಆ ದಿನದ ಪಾಠಗಳಿಗೆಲ್ಲ ರಜೆ ಕೊಟ್ಟಿದ್ದರು. ಅಜ್ಜ ಕೈ ಚಾಚಿದರು. ನಮ್ಮ ಅಭ್ಯಾಸಬಲ ನೋಡಿ — ಒಬ್ಬರಾದ ಮೇಲೊಬ್ಬರು, ಐವರೂ ಎಡಗೈ ಚಾಚಿದೆವು! ನಾನೂ!

"ಏನು, ಎಲ್ಲರೂ ಎಡಚರಾ?" ಎಂದು ಅಜ್ಜ ನಕ್ಕರು. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಅಧ್ಯಕ್ಷರಿಗೆ ಆನಂದ ಉಕ್ಕಿ ಬಂತು. "ಎಡಚರಲ್ಲ ಸರ್, ನಿಮ್ಮ ಭಕ್ತರು!" ಎಂದು ಅಂಗಿಯ ಗುಂಡಿ ಬಿಚ್ಚಿಯೇಬಿಟ್ಟರು. ಒಳಗೆ ಟೀ ಶರ್ಟ್.

ಅಜ್ಜ ಆ ಎರಡು ಕೈಗಳನ್ನು ನೋಡಿದರು.

"ಆ ಪುಸ್ತಕ ಇನ್ನೂ ಇದೆಯಾ? ಯಾರ ಹತ್ರ ಇದೆ?"

ನಾಲ್ಕೂ ಜನ ನನ್ನ ಕಡೆ ತಿರುಗಿದರು.

"ನಲವತ್ತೆರಡು ಪುಸ್ತಕ ಬಿಡಿಸಿದೆ," ಎಂದರು ಅಜ್ಜ. "ನಿಮ್ಮ ಕಣ್ಣಿಗೆ ಬಿದ್ದಿದ್ದು ಇದೊಂದೇನಾ?"

ತಿರುಗಿ ಒಳಗೆ ಹೋದರು. ಶಾಲು ಹಾಗೇ ಉಳಿಯಿತು. ಲಿಫ್ಟಿನಲ್ಲಿ ಇಳಿಯುವಾಗ ಅಧ್ಯಕ್ಷರು ಅಂಗಿಯ ಗುಂಡಿ ಒಂದೊಂದಾಗಿ ಹಾಕಿಕೊಂಡರು.

ಅವರನ್ನು ಹುಡುಕಿದ್ದೂ ನಾನೇ, ನೋಯಿಸಿದ್ದೂ ನಾವೇ.

ಏಪ್ರಿಲ್ 21, ಮಂಗಳವಾರ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಅಜ್ಜನ ಕಟ್ಟಡದ ಲಿಫ್ಟಿಗೆ ಸರ್ವೀಸ್ ಇತ್ತು ಇವತ್ತು. ಹಗ್ಗ, ಬ್ರೇಕ್, ಬಾಗಿಲು, ಎಲ್ಲ ಎರಡೆರಡು ಸಲ ನೋಡಿದೆ. ಆರನೇ ಮಹಡಿಗೆ ಸುಮ್ಮಸುಮ್ಮನೆ ಓಡಿಸಿದೆ. ಬಾಗಿಲು ತೆರೆದಾಗ ಅಜ್ಜನ ಮಗಳು ಎದುರಿಗೇ ನಿಂತಿದ್ದರು.

"ಅಪ್ಪ ಬ್ರಷ್ ಎಲ್ಲಾ ತೊಳೆದು ಎತ್ತಿಟ್ಟಿದ್ದಾರೆ," ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಭಾನುವಾರ ಬೆಳಿಗ್ಗೆ ಎದ್ದು ಕ್ಷೌರ ಮಾಡ್ಕೊಂಡು ಕೂತಿದ್ರು. ಆಮೇಲೆ ನೆನಪಾಯ್ತೇನೋ, ಎದ್ದು ಹೋಗಿ ಮಲಗಿದ್ರು. ನೀವು ತರ್ತಿದ್ದ ಆ ಪುಸ್ತಕಗಳು ಬಂದ ಮೇಲೆ ಅಪ್ಪ ಎಷ್ಟು ಚೆನ್ನಾಗಿದ್ರು ಗೊತ್ತಾ?"

ಸಂಜೆ ಅಧ್ಯಕ್ಷರಿಗೆ ಫೋನ್ ಮಾಡಿದೆ. ಒಂದನೇ ಸಂಚಿಕೆ ಒಯ್ಯುತ್ತೇನೆ, ತಿದ್ದುವುದಾದರೆ ತಿದ್ದಲಿ ಎಂದೆ. ಅವರು ಫೋನಿನಲ್ಲೇ ಕೂಗಿಕೊಂಡರು.

"ಇರೋದೇ ಒಂದು! ಅದನ್ನ ತಿದ್ದಿಬಿಟ್ರೆ ಪ್ರಪಂಚದಲ್ಲಿ ಎರಡು ಎಡಗೈ ಎಲ್ಲೂ ಇರಲ್ಲ. ನಮ್ಮ ಬಳಗಕ್ಕೆ ಹೆಸರೇ ಇರಲ್ಲ ಮಾರಾಯ್ರೇ! ಬೇಕಾದ್ರೆ ನನ್ನ ಹತ್ರ ಇರೋ ಪುಸ್ತಕ ಪೂರ್ತಿ ತಗೊಳ್ಳಿ, ಅದನ್ನ ನಂಗೆ ಕೊಡಿ."

ಅವರ ಸಂಕಟ ಸುಳ್ಳಲ್ಲ. ನನ್ನದೂ ಅದೇ. ಇಡೀ ಜೀವಮಾನದಲ್ಲಿ ನನ್ನ ಬಳಿ ಮಾತ್ರ ಇರುವ ವಸ್ತು ಎಂದರೆ ಅದೊಂದೇ. ಇವಳನ್ನು ಕೇಳಿದೆ. ಹೂಕೋಸು ಹೆಚ್ಚುತ್ತಿದ್ದಳು.

"ಪುಸ್ತಕ ನಿಮ್ಮದೇ, ಯಾರು ಇಲ್ಲ ಅಂದ್ರು? ಆ ಕೈ ಮಾತ್ರ ಅವರದ್ದು ಕಣ್ರೀ."

ಏಪ್ರಿಲ್ 25, ಶನಿವಾರ

ಒಂದನೇ ಸಂಚಿಕೆ ಕವರಿನಿಂದ ತೆಗೆದೆ. ಹಾಸಿಗೆಯ ಮೇಲೆ ಬೋರಲು ಬಿದ್ದು ಓದಿದೆ, ಚಿಕ್ಕಂದಿನಲ್ಲಿ ಓದುತ್ತಿದ್ದ ಹಾಗೆ. ಎಷ್ಟು ವರ್ಷಗಳಾಗಿತ್ತು ಓದಿ! ಇದನ್ನು ಕಾಯುವುದರಲ್ಲೇ ಕಾಲ ಹೋಗಿದೆ. ಕಥೆಯೇ ಅರ್ಧ ಮರೆತಿತ್ತು. ಸೇತುವೆಯ ಮೇಲೆ ಸಿಕ್ಕಿಕೊಂಡ ರೈಲು, ಕೆಳಗೆ ನದಿ... ಇವಳೂ ಪಕ್ಕದಲ್ಲಿ ಬಿದ್ದುಕೊಂಡು ಓದತೊಡಗಿದಳು. ನಾನು ಪುಟ ತಿರುಗಿಸುವಷ್ಟರಲ್ಲಿ ಕೈ ತಡೆದು, "ಅಯ್ಯೋ ಇರಿ, ಡ್ರೈವರ್ ಏನಾದ?" ಎಂದಳು. ಅವಳ ಬಾಯಲ್ಲಿ ಈ ಮಾತು! ಇಷ್ಟು ವರ್ಷ ಸಂಸಾರ ಮಾಡಿದ್ದು ಸಾರ್ಥಕವಾಯಿತು.

ಡ್ರೈವರ್ ಬದುಕಿದ. ನಾಳೆ ಹೋಗುತ್ತೇನೆ. ಅಧ್ಯಕ್ಷರೂ ಬರುತ್ತಾರಂತೆ, ನೋಡದೆ ಇರಲಾರೆ ಎಂದರು.

ಏಪ್ರಿಲ್ 26, ಭಾನುವಾರ, ಸಂಜೆ

ಅಕ್ಷರ ವಕ್ರ ವಕ್ರ ಬರುತ್ತಿದೆ. ಬರಲಿ. ಇವತ್ತು ಬರೆಯದಿದ್ದರೆ ಯಾವತ್ತು?

ಅಜ್ಜ ಮೊದಲು ಹೊರಗೇ ಬರಲಿಲ್ಲ. ಪುಸ್ತಕವನ್ನು ಕವರಿಲ್ಲದೆ ಮೇಜಿನ ಮೇಲಿಟ್ಟು, "ಸರ್, ಇದು ನಿಮ್ಮದು. ಹರೀತೀರೋ ತಿದ್ತೀರೋ, ನಿಮ್ಮಿಷ್ಟ," ಎಂದು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ನನ್ನ ಧ್ವನಿ ನನಗೇ ಕೀರಲಾಗಿ ಕೇಳಿತು. ಅಧ್ಯಕ್ಷರು ಕುರ್ಚಿಯ ಹಿಡಿ ಹಿಡಿದು ಕಣ್ಣು ಮುಚ್ಚಿದ್ದರು. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿತ್ತು.

ಬಂದರು. ಕೂತರು. ಮುಖಪುಟವನ್ನು ಬೆಳಕಿಗೆ ತಿರುಗಿಸಿದರು. ಹರಿಯುವುದಕ್ಕೆಂಬಂತೆ ಮೇಲಿನ ಅಂಚು ಹಿಡಿದುಕೊಂಡರು. ನಾನು ಗೋಡೆ ನೋಡಿದೆ. ಹರಿಯುವ ಸದ್ದು ಬರಲಿಲ್ಲ. ಬಂದದ್ದು ನಗು!

"ಲೋ ಲಿಫ್ಟಪ್ಪ, ಕೈ ಚೆನ್ನಾಗೇ ಬಿಡಿಸಿದ್ದೀನಲ್ಲೋ! ಬೆರಳು ನೋಡು, ಗೆಣ್ಣು ನೋಡು. ತಪ್ಪು ಕಡೆ ಕೂತಿದೆ, ಅಷ್ಟೇ. ಇದಕ್ಕಾ ನಾನು ಇಷ್ಟು ವರ್ಷ ತಲೆ ತಗ್ಗಿಸಿದ್ದು?"

ಮಗಳನ್ನು ಕರೆದು ತೋರಿಸಿದರು. ಅಪ್ಪನ ಮೊದಲ ಪುಸ್ತಕವನ್ನು ಅವರು ಕಂಡಿದ್ದೇ ಇವತ್ತು. ಅವರು ಒಂದೊಂದೇ ಪುಟ ತಿರುಗಿಸಿ ಮುಗಿಸುವವರೆಗೂ ಅಜ್ಜ ಅವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ, "ಬ್ರಷ್ ತಗೊಂಡು ಬಾಮ್ಮ," ಎಂದರು.

ಅಧ್ಯಕ್ಷರು ಒಂದು ಸಣ್ಣ ಶಬ್ದ ಮಾಡಿದರು. ಆದರೂ ಎದ್ದು ಹೋಗಿ ಟೇಬಲ್ ಲ್ಯಾಂಪ್ ತಂದು ಸರಿಯಾಗಿ ಹಿಡಿದವರೂ ಅವರೇ.

ತಪ್ಪು ಕೈ ಬಿಳಿ ಬಣ್ಣದ ಕೆಳಗೆ ಹೋಯಿತು. ಸೇತುವೆ ಒಂದೇ ಕೈಯ ಮೇಲೆ ನಿಂತಿತು. ನನಗೆ ಗಾಬರಿಯಾಯಿತು, ಬೇಗ ಬೇಗ ಎನ್ನಿಸಿತು.

"ಕನ್ನಡಿ ತರ್ಲಾ ಸರ್?"

"ಕನ್ನಡಿ ಯಾಕೆ? ಎದುರಿಗೆ ನೀನು ನಿಂತಿದ್ದೀಯಲ್ಲ. ಎತ್ತು ಬಲಗೈ!"

ನಾನು! ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿಸಿದರು. ಬಲಗೈ ಮೇಲೆ, ಅಂಗೈ ಮರಕ್ಕೆ ಒತ್ತಿ. "ಸುಮ್ನೆ ಮುಟ್ಟಬೇಡ, ಎತ್ತು! ಮೇಲೆ ರೈಲಿದೆ, ಜನ ಇದ್ದಾರೆ!" ಎತ್ತಿದೆ. ನಿಜವಾಗಿಯೂ ಎತ್ತಿದೆ. ಉಗುರಿನ ಗ್ರೀಸ್ ಹೋಗಿಲ್ಲ ಸರ್ ಎಂದೆ. "ಇರ್ಲಿ, ಗೆರೆ ಚೆನ್ನಾಗಿ ಕಾಣುತ್ತೆ," ಎಂದರು. ಕೈ ನಡುಗತೊಡಗಿತು. ಅಲುಗಾಡಬೇಡ ಎಂದು ಬೈದರು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳುವ ಹಾಗಿಲ್ಲ. ಅಧ್ಯಕ್ಷರು ಇನ್ನೊಂದು ಕೈಯಲ್ಲಿ ನನ್ನ ಹಣೆ ಒರೆಸಿದರು, ಅವರ ಕಣ್ಣೂ ಒದ್ದೆಯಾಗಿತ್ತು, ನಗುತ್ತಲೂ ಇದ್ದರು. ಇಡೀ ಬಾಳಿನಲ್ಲಿ ನಾನು ಇಷ್ಟು ಸಂತೋಷವಾಗಿ ಯಾವತ್ತೂ ನಿಂತಿರಲಿಲ್ಲ.

ಬಣ್ಣ ಆರಲೆಂದು ಪುಸ್ತಕ ಅಲ್ಲೇ ಬಿಟ್ಟು ಬಂದೆ. ಕವರಿಲ್ಲದೆ, ಕಿಟಕಿಯ ಪಕ್ಕ. ಹೊರಡುವಾಗ ಬಗ್ಗಿ ನೋಡಿದೆ, ಮುಖಪುಟದಲ್ಲಿ ಸೇತುವೆಯ ಕೆಳಗೆ ನನ್ನ ದಪ್ಪ ಬೆರಳು, ನನ್ನ ಹೆಬ್ಬೆರಳು, ಸರಿಯಾದ ಕಡೆಗೆ...

ಬಲಗೈ ಪೂರ್ತಿ ಜೋಮು ಹಿಡಿದಿದೆ. ಪೆನ್ನು ಜಾರುತ್ತಿದೆ. ಇವಳು ಎಣ್ಣೆ ಬಿಸಿ ಮಾಡಿಕೊಂಡು ಬಂದು, "ತೋರಿಸಿ ಆ ಸಿಡಿಲುಭುಜನ ಕೈನ," ಎನ್ನುತ್ತಿದ್ದಾಳೆ. ಇನ್ನು ಎಡಗೈಯಲ್ಲೇ ಬರೆಯಬೇ—